ಬಣ್ಣ ಕೊನೆಗೆ ನೋಡಿ: ಕಾಸರಗೋಡಿನ ತೋಟ, ಪದವು, ಅಳಿವೆಗಳಲ್ಲಿ ಹಕ್ಕಿ ಗುರುತಿಸುವ ಕ್ರಮ

ನವೆಂಬರಿನಿಂದ ಮಾರ್ಚಿನವರೆಗೆ ಯಾವ ಅಡಿಕೆ ತೋಟದ ಬದಿಯಲ್ಲಿ ನಿಂತರೂ ಗುಬ್ಬಿಗಿಂತ ಚಿಕ್ಕದೊಂದು ಹಸಿರು ಹಕ್ಕಿ ಎಲೆಗಳ ಎಡೆಯಲ್ಲಿ ಹಾರಾಡುವುದು ಕಾಣುತ್ತದೆ. ಪುಸ್ತಕ ತೆರೆದರೆ ಅದೇ ತರದ ಐದಾರು ಚಿತ್ರ, ಎಲ್ಲವೂ ಹಸಿರು, ಎಲ್ಲದಕ್ಕೂ ಹುಬ್ಬಿನ ಗೆರೆ. ಹೊಸದಾಗಿ ಹಕ್ಕಿ ನೋಡಲು ಹೊರಟವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿ. ಇದಕ್ಕೆ ಕಣ್ಣು ಕಾರಣವಲ್ಲ, ನೋಡುವ ಕ್ರಮ ಕಾರಣ. ಮೊದಲು ಬಣ್ಣ ನೋಡಿ, ಕೂಡಲೇ ಹೆಸರು ಹುಡುಕಿ, ಆಮೇಲೆ ಉಳಿದದ್ದನ್ನು ಆ ಹೆಸರಿಗೆ ಹೊಂದಿಸಿಕೊಳ್ಳುತ್ತಾರೆ.

ನಮ್ಮ ನಾಡಿನಲ್ಲಂತೂ ಬಣ್ಣವನ್ನು ನಂಬಲೇಬಾರದು. ತೋಟದೊಳಗಿನ ನೆರಳು ಬೂದು ಹಕ್ಕಿಗೂ ಹಸಿರು ಬಳಿಯುತ್ತದೆ. ಪದವು ಎನ್ನುವ ಮುರಕಲ್ಲಿನ ಬಯಲು ಗುಡ್ಡೆಯಲ್ಲಿ ಒಂಬತ್ತೂವರೆಯ ಬಿಸಿಲಿಗೆ ಕಂದು ಬಣ್ಣಗಳೆಲ್ಲ ಮಾಸಿ ಒಂದೇ ಆಗುತ್ತವೆ. ಅಳಿವೆಯಲ್ಲಿ ಸಂಜೆ ಪಡುವಣಕ್ಕೆ ಮುಖ ಮಾಡಿ ನಿಂತರೆ ಎಲ್ಲ ಹಕ್ಕಿಯೂ ಕಪ್ಪೇ. ಇದರ ಮೇಲೆ ಮರಿಗಳ ಬಣ್ಣ ಬೇರೆ, ಗರಿ ಉದುರುವ ಕಾಲದ ಬಣ್ಣ ಬೇರೆ, ವಲಸೆ ಬಂದವು ತಮ್ಮ ಊರಲ್ಲಿ ತೊಡುವ ಬಣ್ಣವನ್ನು ಇಲ್ಲಿ ತೋರಿಸುವುದೇ ಇಲ್ಲ. ಆದ್ದರಿಂದ ಈ ಕ್ರಮ ರೂಢಿಸಿಕೊಳ್ಳಿ: ಜಾಗ, ಗಾತ್ರ ಮತ್ತು ಆಕಾರ, ನಡವಳಿಕೆ, ಸ್ವರ, ಕೊನೆಗೆ ಬಣ್ಣ.

ಹೊರಡುವ ಮೊದಲು

ಬೈನಾಕ್ಯುಲರ್ ಕೊಳ್ಳುವುದಾದರೆ 8x42 ಸಾಕು. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25 ಬರುತ್ತದೆ. ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತದ ಅಗಲ ಅಷ್ಟು ಮಿಲಿಮೀಟರ್. 10x25 ಎಂಬ ಪುಟ್ಟ ಬೈನಾಕ್ಯುಲರಿನಲ್ಲಿ ಇದು ಬರೀ 2.5. ಅದು ಕಡಲತೀರದ ಬಿಸಿಲಿನಲ್ಲಿ ನಡೆಯುತ್ತದೆ, ಮುಂಜಾನೆ ತೋಟದ ಒಳಗೆ ಏನೂ ಕಾಣಿಸುವುದಿಲ್ಲ. ಹತ್ತು ಪಟ್ಟಿನದರಲ್ಲಿ ಕೈ ನಡುಕವೂ ಹತ್ತು ಪಟ್ಟು, ನೋಟದ ವ್ಯಾಪ್ತಿಯೂ ಕಿರಿದು. ಎಲೆಗಳ ನಡುವೆ ಓಡಾಡುವ ಹಕ್ಕಿಯನ್ನು ಹುಡುಕಿ ಹಿಡಿಯುವಷ್ಟರಲ್ಲಿ ಅದು ಇನ್ನೊಂದು ಮರಕ್ಕೆ ಹೋಗಿರುತ್ತದೆ.

ತಂದ ಬೈನಾಕ್ಯುಲರನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ಎಷ್ಟೋ ಮಂದಿ ವರ್ಷಗಟ್ಟಲೆ ಇದನ್ನು ಮಾಡದೆ, ಹಕ್ಕಿ ಮಂಜು ಮಂಜಾಗಿದೆ ಎನ್ನುತ್ತಿರುತ್ತಾರೆ. ಮೊದಲು ಎರಡು ಕೊಳವೆಗಳನ್ನು ಮಡಚಿ ಬಿಡಿಸಿ, ಒಂದೇ ದುಂಡು ಚಿತ್ರ ಕಾಣುವಂತೆ ಮಾಡಿ. ಬಲಗಡೆಯ ಮುಂದಿನ ಗಾಜನ್ನು ಕೈಯಿಂದ ಮುಚ್ಚಿ, ಮೂವತ್ತು ಅಡಿ ದೂರದ ಬೋರ್ಡಿನ ಅಕ್ಷರವೊಂದನ್ನು ಎಡಗಣ್ಣಿನಿಂದ ನೋಡುತ್ತ ನಡುವಿನ ಚಕ್ರ ತಿರುಗಿಸಿ. ಅಕ್ಷರ ಚೂಪಾಗಿ ಕಂಡ ಮೇಲೆ ಆ ಚಕ್ರವನ್ನು ಮುಟ್ಟಬೇಡಿ. ಈಗ ಎಡಗಡೆ ಮುಚ್ಚಿ, ಬಲಗಣ್ಣಿನ ಬಳಿ ಇರುವ ಸಣ್ಣ ಬಳೆಯನ್ನು ತಿರುಗಿಸಿ ಅದೇ ಅಕ್ಷರವನ್ನು ಚೂಪು ಮಾಡಿ. ಬಳೆ ಎಲ್ಲಿ ನಿಂತಿತೋ ಅಲ್ಲಿ ಒಂದು ಗುರುತು ಹಾಕಿಡಿ. ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರನ್ನು ಒಳಗೆ ಮಡಚಬೇಕು, ಇಲ್ಲದಿದ್ದರೆ ಚಿತ್ರದ ಅಂಚು ಕಾಣದು.

ಹಕ್ಕಿ ಕಂಡಾಗ ಕಣ್ಣು ಕೀಳಬೇಡಿ. ಹಕ್ಕಿಯನ್ನೇ ನೋಡುತ್ತಿದ್ದು, ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಕೆಳಗೆ ನೋಡಿ ಬೈನಾಕ್ಯುಲರ್ ಎತ್ತಿ ಮತ್ತೆ ಹುಡುಕುವವರಿಗೆ ಬರೀ ಎಲೆ ಸಿಗುತ್ತದೆ. ಮನೆಯಂಗಳದಲ್ಲಿ ಕಾಗೆ, ಮೈನಾಗಳ ಮೇಲೆ ಒಂದು ವಾರ ಅಭ್ಯಾಸ ಮಾಡಿದರೆ ಕೈ ಹಿಡಿತಕ್ಕೆ ಬರುತ್ತದೆ.

ಬೇರೆ ಸಾಮಾನು ಹೆಚ್ಚು ಬೇಡ. ಜೇಬಿನಲ್ಲಿ ಹಿಡಿಯುವ ಪುಸ್ತಕ, ಪೆನ್ಸಿಲು (ಬೆವರು, ಮಳೆಗೆ ಪೆನ್ನಿನ ಶಾಯಿ ಹರಡುತ್ತದೆ), ನೀರು, ಟೊಪ್ಪಿ. ಬಟ್ಟೆ ಮಾಸಲು ಹಸಿರೋ ಕಂದೋ ಆಗಿರಲಿ, ಬಿಳಿ ಬೇಡ. ಗುಂಪಿನಲ್ಲಿ ಆರೆಂಟು ಮಂದಿಗಿಂತ ಹೆಚ್ಚಾದರೆ ಹಿಂದಿನವರಿಗೆ ಹಕ್ಕಿ ಹಾರಿ ಹೋದ ಕೊಂಬೆ ಮಾತ್ರ ಕಾಣುತ್ತದೆ.

ಜಾಗ ಮತ್ತು ಹೊತ್ತು

ನಮ್ಮ ಜಿಲ್ಲೆಯ ಭಾಗ್ಯವೆಂದರೆ ಕಡಲು, ಹೊಳೆ, ಬೈಲು, ತೋಟ, ಪದವು, ಕಾಡು ಎಲ್ಲವೂ ಒಂದು ಬೆಳಗ್ಗಿನ ದಾರಿಯಲ್ಲಿ ಸಿಗುತ್ತವೆ. ಆದರೆ ಒಂದೇ ಬೆಳಗ್ಗೆ ಎಲ್ಲವನ್ನೂ ನೋಡಲು ಹೋಗಬೇಡಿ. ಒಂದು ದಿನಕ್ಕೆ ಒಂದು ಬಗೆಯ ಜಾಗ, ಹೆಚ್ಚೆಂದರೆ ಎರಡು.

ತೋಟ ಮತ್ತು ಗುಡ್ಡೆಯ ಅಂಚು: ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಸೂರ್ಯೋದಯ ಹೆಚ್ಚುಕಡಿಮೆ ಆರೂಮುಕ್ಕಾಲಕ್ಕೆ. ಏಳರಿಂದ ಒಂಬತ್ತೂವರೆ ಒಳ್ಳೆಯ ಹೊತ್ತು. ತೋಟದ ನಡುವಿಗೆ ನುಗ್ಗುವ ಬದಲು, ತೋಟ ಮುಗಿದು ಗುಡ್ಡೆ ಶುರುವಾಗುವ ಅಂಚಿನಲ್ಲಿ, ಬಿಸಿಲು ಮೊದಲು ಬೀಳುವ ಕಡೆ ನಿಲ್ಲಿ. ಹಣ್ಣಾದ ಗೋಳಿ ಮರ, ಹೂಬಿಟ್ಟ ಬೂರುಗ, ಹಾಲುವಾಣ ಸಿಕ್ಕಿದರೆ ಅಲ್ಲಿಂದ ಕದಲುವ ಅಗತ್ಯವೇ ಇಲ್ಲ. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನ ತೋಟದಲ್ಲಿ ಹಕ್ಕಿ ಇರುವುದಿಲ್ಲ, ನಿಮಗೂ ಅಲ್ಲಿ ಕೆಲಸವಿಲ್ಲ. ಯಾರ ಜಾಗವಾದರೂ ಮನೆಯವರಲ್ಲಿ ಒಂದು ಮಾತು ಕೇಳಿಯೇ ಒಳಗೆ ಕಾಲಿಡಿ. ಬೈನಾಕ್ಯುಲರ್ ಹಿಡಿದು ಮನೆಯ ಕಡೆಗೆ ತಿರುಗಿ ನಿಂತವರನ್ನು ಯಾರೂ ಮೆಚ್ಚುವುದಿಲ್ಲ. ಕೇಳಿದರೆ ಮಾತ್ರ ಯಾವ ಮರಕ್ಕೆ ಮಂಗಟ್ಟೆ ಬರುತ್ತದೆ, ಯಾವ ತೋಡಿನ ಬದಿಯಲ್ಲಿ ಗೂಬೆ ಕೂರುತ್ತದೆ ಎಂಬುದನ್ನು ಅವರೇ ಹೇಳುತ್ತಾರೆ. ಕುಂಬಳೆಯ ಹತ್ತಿರದ ಕಿದೂರು ಹಕ್ಕಿಗಳ ಊರೆಂದೇ ಹೆಸರಾಗಿದೆ. ಹೊಸಬರು ಅಲ್ಲಿಂದ ಶುರುಮಾಡಬಹುದು.

ಬೈಲು: ಬಂಬ್ರಾಣದಂಥ ಗದ್ದೆ ಬೈಲುಗಳಲ್ಲಿ ಕೊಯ್ಲಿನ ನಂತರದ ವಾರಗಳು, ಮತ್ತೆ ಉಳುಮೆಯ ದಿನಗಳು. ಗದ್ದೆಯ ಹುಣಿಯ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಪೈರು ಇರುವಾಗ ಗದ್ದೆಗೆ ಇಳಿಯುವ ಮಾತೇ ಇಲ್ಲ.

ಪದವು: ಮುರಕಲ್ಲಿನ ಬಯಲು ಗುಡ್ಡೆಗಳಲ್ಲಿ ಒಂಬತ್ತೂವರೆಗೆ ಕೆಲಸ ಮುಗಿಸಿಬಿಡಿ. ಆಮೇಲೆ ಕಲ್ಲು ಕಾಯುತ್ತದೆ, ಬಿಸಿಗಾಳಿಯಲ್ಲಿ ಹಕ್ಕಿ ನಡುಗಿದಂತೆ ಕಾಣುತ್ತದೆ. ಮುಳಿಹುಲ್ಲು ಬೆಳೆದಿರುವ ಕಡೆ ಕಟ್ಟೆಯಿಲ್ಲದ ಬಾವಿ, ಬಿಟ್ಟುಹೋದ ಕಲ್ಲಿನ ಕೋರೆಗಳಿರುತ್ತವೆ. ಕಣ್ಣಿಗೆ ಬೈನಾಕ್ಯುಲರ್ ಇಟ್ಟುಕೊಂಡು ಒಂದು ಹೆಜ್ಜೆಯನ್ನೂ ಇಡಬೇಡಿ. ನಿಂತು ನೋಡಿ, ಇಳಿಸಿ, ನಡೆಯಿರಿ.

ಅಳಿವೆ: ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳು ಕಡಲು ಸೇರುವ ಕಡೆ ಗಡಿಯಾರಕ್ಕಿಂತ ಉಬ್ಬರ ಇಳಿತವೇ ಮುಖ್ಯ. ಮಂಗಳೂರಿನ ಉಬ್ಬರವಿಳಿತದ ಪಟ್ಟಿ ನೋಡಿಕೊಂಡರೆ ಸಾಕು, ಹೊಳೆಯ ಒಳಗೆ ಹೋದಷ್ಟೂ ನೀರು ಏರುವುದು ಸ್ವಲ್ಪ ತಡ. ಪೂರ್ತಿ ಇಳಿತವಿದ್ದಾಗ ಹಕ್ಕಿಗಳು ದೂರದ ಕೆಸರಿನಲ್ಲಿ ಚದುರಿರುತ್ತವೆ, ನೀವು ಅಲ್ಲಿಗೆ ಹೋದರೆ ಮೊಣಕಾಲಿನವರೆಗೆ ಹೂತುಹೋಗುತ್ತೀರಿ. ಉಬ್ಬರಕ್ಕೆ ಎರಡು ಗಂಟೆ ಮೊದಲು ದಡದಲ್ಲಿ ಕುಳಿತುಬಿಡಿ. ನೀರು ಏರುತ್ತ ಬಂದಂತೆ ಹಕ್ಕಿಗಳೇ ನಿಮ್ಮ ಕಡೆಗೆ ಸರಿಯುತ್ತವೆ. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಹೋಗುವುದರಿಂದ, ಕಳೆದ ಭಾನುವಾರದ ಹೊತ್ತು ಈ ಭಾನುವಾರಕ್ಕೆ ಹೊಂದುವುದಿಲ್ಲ. ಬೆಳಗ್ಗೆ ಉಬ್ಬರ ಬರುವ ದಿನವನ್ನೇ ಆರಿಸಿ, ಮೂಡಣ ದಡದಲ್ಲಿ ಕುಳಿತರೆ ಬಿಸಿಲು ಬೆನ್ನ ಹಿಂದೆ ಇರುತ್ತದೆ.

ಕಾಡು: ರಾಣಿಪುರದ ಕಡೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಅವರು ಹೇಳಿದ ದಾರಿಯಲ್ಲೇ ಹೋಗಬೇಕು. ಮಳೆಗಾಲದಲ್ಲಿ ಉಂಬಳದ ಕಾಟ. ಅಲ್ಲಿಯೂ ಕಾರಡ್ಕ ಕಾಡಿನ ಬದಿಯಲ್ಲಿಯೂ ಆನೆಯ ಓಡಾಟವಿದೆ. ಹಿಂದಿನ ರಾತ್ರಿ ಆನೆ ಬಂದಿತ್ತೇ ಎಂದು ಊರವರಲ್ಲಿ ವಿಚಾರಿಸದೆ ಮುಂಜಾನೆಯ ಕತ್ತಲಲ್ಲಿ ಹೊರಡಬೇಡಿ.

ಗುರುತಿಲ್ಲದ ಹಕ್ಕಿ ಎದುರಾದಾಗ

1. ಪುಸ್ತಕ, ಮೊಬೈಲು ತೆಗೆಯಬೇಡಿ. ಹಕ್ಕಿ ಕಣ್ಣೆದುರು ಇರುವಷ್ಟು ಹೊತ್ತೂ ಹಕ್ಕಿಯನ್ನೇ ನೋಡಿ. ಪುಸ್ತಕದ ಚಿತ್ರ ಮನೆಯಲ್ಲೂ ಇರುತ್ತದೆ.

2. ಗಾತ್ರವನ್ನು ಗೊತ್ತಿರುವ ಹಕ್ಕಿಯ ಜೊತೆ ಹೋಲಿಸಿ: ಸೂರಕ್ಕಿ, ಗುಬ್ಬಿ, ಪಿಕಳಾರ, ಮೈನಾ, ಕಾಗೆ, ಗರುಡ. “ಪಿಕಳಾರಕ್ಕಿಂತ ದೊಡ್ಡದು, ಮೈನಾಕ್ಕಿಂತ ತೆಳ್ಳಗೆ” ಎಂದು ಬರೆದರೆ ಅರ್ಧ ಪುಸ್ತಕ ಬದಿಗೆ ಸರಿಯಿತು. ಸೆಂಟಿಮೀಟರಿನಲ್ಲಿ ಅಂದಾಜು ಮಾಡಬೇಡಿ, ದೂರದಲ್ಲಿ ಅದು ಯಾರಿಗೂ ಸರಿ ಬರುವುದಿಲ್ಲ.

3. ಕೊಕ್ಕು. ತಲೆಯ ಉದ್ದಕ್ಕೆ ಹೋಲಿಸಿದರೆ ಎಷ್ಟು, ನೇರವೋ ಬಾಗಿದೆಯೋ, ಕೆಳಗಿನ ಕೊಕ್ಕಿನ ಬಣ್ಣವೇನು. ಆಮೇಲೆ ಕಾಲಿನ ಉದ್ದ ಮತ್ತು ಬಣ್ಣ, ಬಾಲದ ತುದಿಯ ಆಕಾರ.

4. ಏನು ಮಾಡುತ್ತಿದೆ? ನೆಲದಲ್ಲಿ ನಡೆಯುತ್ತದೆಯೋ ಕುಪ್ಪಳಿಸುತ್ತದೆಯೋ, ಬಾಲ ಮೇಲೆ ಕೆಳಗೆ ಆಡಿಸುತ್ತದೆಯೋ, ಹಾರಿ ಹುಳ ಹಿಡಿದು ಅದೇ ಕೊಂಬೆಗೆ ಮರಳುತ್ತದೆಯೋ.

5. ಸ್ವರವನ್ನು ಕನ್ನಡ ಅಕ್ಷರಗಳಲ್ಲೇ ಬರೆದುಕೊಳ್ಳಿ. ಎಷ್ಟು ತುಂಡು, ಕೊನೆಯ ತುಂಡು ಏರಿತೋ ಇಳಿಯಿತೋ ಎಂಬುದೇ ಮುಖ್ಯ. ಮೊಬೈಲಿನಲ್ಲಿ ಅರ್ಧ ನಿಮಿಷ ಧ್ವನಿ ಹಿಡಿದಿಟ್ಟರೆ ಇನ್ನೂ ಒಳ್ಳೆಯದು.

6. ಈಗ ಬಣ್ಣ, ಗೆರೆ, ಚುಕ್ಕೆ. ಕಾಣದ ಭಾಗವನ್ನು “ಕಾಣಲಿಲ್ಲ” ಎಂದೇ ಬರೆಯಿರಿ. ಖಾಲಿ ಬಿಟ್ಟರೆ ಸಂಜೆ ಪುಸ್ತಕ ನೋಡುವಾಗ ಮನಸ್ಸು ಅದನ್ನು ತಾನೇ ತುಂಬಿಸಿಬಿಡುತ್ತದೆ.

ಒಂದು ಟಿಪ್ಪಣಿ ಹೀಗಿರಬೇಕು: “7.40, ತೋಟದಂಚಿನ ಹಲಸು, ಮೇಲಿನ ಅರ್ಧ. ಗುಬ್ಬಿಗಿಂತ ಚಿಕ್ಕದು, ಎಲೆಯಿಂದ ಎಲೆಗೆ, ಬಿಡುವೇ ಇಲ್ಲ. ಮೇಲೆ ಬೂದು ಹಸಿರು, ಕೆಳಗೆ ಮಾಸಲು ಬಿಳಿ. ಹುಬ್ಬು ಉದ್ದ, ಕಣ್ಣಿನಾಚೆಗೂ ಹೋಗುತ್ತದೆ. ರೆಕ್ಕೆಯಲ್ಲಿ ಒಂದು ತೆಳು ಪಟ್ಟಿ. ಕೆಳಗಿನ ಕೊಕ್ಕು ಪೂರ್ತಿ ಕಿತ್ತಳೆ ಛಾಯೆ. ನೆತ್ತಿ ಕಾಣಲಿಲ್ಲ. ಚಿಸ್ಲಿ, ಎರಡು ತುಂಡು, ನಾಲ್ಕೈದು ಸಲ.” ಹೆಸರಿಲ್ಲದಿದ್ದರೂ ಈ ಹಕ್ಕಿ ಯಾವುದೆಂದು ತಿಳಿದವರು ಓದಿದ ಕೂಡಲೇ ಹೇಳುತ್ತಾರೆ.

ಹಸಿರು ಉಲಿಯಕ್ಕಿಗಳು

ಸೆಪ್ಟೆಂಬರ್ ಕೊನೆಗೆ ಬಂದು ಏಪ್ರಿಲಿಗೆ ಹೊರಡುವ ಈ ಪುಟ್ಟ ವಾರ್ಬ್ಲರ್‌ಗಳಲ್ಲಿ ಕಿವಿಯೇ ಕಣ್ಣು. ನಮ್ಮ ತೋಟಗಳಲ್ಲಿ ಮುಖ್ಯವಾಗಿ ಎದುರಾಗುವುದು ಗ್ರೀನಿಷ್ ಮತ್ತು ಗ್ರೀನ್. ಗ್ರೀನಿಷ್ ವಾರ್ಬ್ಲರಿನ ಕರೆ ಎರಡು ತುಂಡು, ‘ಚಿಸ್-ಲಿ’. ಗ್ರೀನ್ ವಾರ್ಬ್ಲರಿನದು ಮೂರು ತುಂಡು, ‘ಚಿ-ರು-ವಿ’. ಗ್ರೀನ್‌ಗೆ ಗಂಟಲು, ಕೆನ್ನೆಯಲ್ಲಿ ಹಳದಿ ಹೆಚ್ಚು ಎಂದು ಪುಸ್ತಕಗಳು ಹೇಳುತ್ತವೆ, ನಿಜವೇ. ಆದರೆ ಗರಿ ಸವೆದ ಹಕ್ಕಿಯಲ್ಲಿ ಆ ಹಳದಿ ಮಾಸಿರುತ್ತದೆ, ಎಲೆಯ ಪ್ರತಿಫಲನ ಇಲ್ಲದ ಹಳದಿಯನ್ನೂ ತರುತ್ತದೆ. ಕರೆ ಕೇಳದೆ ಇವೆರಡನ್ನು ಬೇರ್ಪಡಿಸದಿರುವುದೇ ಒಳ್ಳೆಯದು.

ಕಾಡಿನ ಕಡೆಗೆ, ಹೊಳೆ ಬದಿಯ ದೊಡ್ಡ ಮರಗಳಿಗೆ ಹೋದರೆ ಲಾರ್ಜ್-ಬಿಲ್ಡ್ ಲೀಫ್ ವಾರ್ಬ್ಲರ್ ಸಿಗುತ್ತದೆ. ಇದು ಸ್ವಲ್ಪ ದೊಡ್ಡದು, ಬೆನ್ನು ಕಡು, ಕಣ್ಣಿನ ಗೆರೆ ದಪ್ಪ, ಕೊಕ್ಕು ಬಲವಾಗಿದ್ದು ಬಹುತೇಕ ಕಪ್ಪು. ಇದರ ಕರೆ ಸ್ಪಷ್ಟವಾದ ಎರಡು ಸಿಳ್ಳೆ, ‘ಡಿರ್-ಟೀ’, ಎರಡನೆಯದು ಮೇಲೇರುತ್ತದೆ. ಒಮ್ಮೆ ಕಿವಿಗೆ ಕೂತರೆ ಮರೆಯುವುದಿಲ್ಲ. ವೆಸ್ಟರ್ನ್ ಕ್ರೌನ್ಡ್‌ಗೆ ನೆತ್ತಿಯ ನಡುವೆ ತಿಳಿಬಣ್ಣದ ಗೆರೆಯಿದೆ. ಅದು ಕಾಣಬೇಕಾದರೆ ಹಕ್ಕಿ ತಲೆ ಬಗ್ಗಿಸಬೇಕು, ಅಥವಾ ನೀವು ಗುಡ್ಡೆಯ ಮೇಲಿದ್ದು ಮರದ ತಲೆ ಕೆಳಗಿರಬೇಕು. ಗುಡ್ಡೆ ಕಡಿದು ಮಾಡಿದ ನಮ್ಮ ರಸ್ತೆಗಳು ಇದಕ್ಕೆ ಒಳ್ಳೆಯ ಜಾಗ.

ಹಸಿರಿನ ಲವಲೇಶವೂ ಇಲ್ಲದೆ ಬರೀ ಕಂದಾಗಿದ್ದು, ರೆಕ್ಕೆಪಟ್ಟಿ ಇಲ್ಲದೆ, ಪೊದೆಯೊಳಗಿಂದ ‘ಚಕ್, ಚಕ್’ ಎನ್ನುವುದು ಬ್ಲೈತ್ಸ್ ರೀಡ್ ವಾರ್ಬ್ಲರ್. ಅದರ ಹುಬ್ಬು ಕಣ್ಣಿನ ಮುಂದೆ ಕಾಣುತ್ತದೆ, ಹಿಂದಕ್ಕೆ ಹೋಗುವುದೇ ಇಲ್ಲವೆನ್ನುವಷ್ಟು ಗಿಡ್ಡ.

ಕಪ್ಪು ಹಕ್ಕಿ, ಕವಲು ಬಾಲ: ಎಲ್ಲವೂ ಒಂದೇ ಕಾಜಾಣವಲ್ಲ

ಕರಿ ಕಾಜಾಣ ಬೈಲಿನದು. ತಂತಿ, ದನದ ಬೆನ್ನು, ಗದ್ದೆಯ ಕಂಬ ಅದರ ಜಾಗ. ಬಾಲದ ಕವಲು ಆಳ. ಕೊಕ್ಕಿನ ಬುಡದಲ್ಲಿ ಬಿಳಿ ಚುಕ್ಕೆಯೊಂದಿರುತ್ತದೆ, ಕಂಡರೆ ಖಾತ್ರಿ, ಕಾಣದಿದ್ದರೆ ಅಲ್ಲವೆಂದು ಹೇಳುವಂತಿಲ್ಲ. ಬೂದು ಕಾಜಾಣ ಚಳಿಗಾಲದ ಅತಿಥಿ. ಗುಡ್ಡೆ, ಕಾಡಂಚು, ರಬ್ಬರ್ ತೋಟದ ಮರಗಳ ತುದಿಯಲ್ಲಿ ಕೂರುತ್ತದೆ. ಹತ್ತಿರದಿಂದ ನೋಡಿದರೆ ಕಣ್ಣು ಕೆಂಪು, ಹೊಟ್ಟೆ ಸೀಸದ ಬಣ್ಣ. ಬೆಳಕಿಗೆದುರಾಗಿದ್ದರೆ ಇದೂ ಕಪ್ಪಾಗಿಯೇ ಕಾಣುತ್ತದೆ, ಆಗ ಕೂತ ಜಾಗವೇ ಮೊದಲ ಸಾಕ್ಷಿ. ಕಂಚು ಕಾಜಾಣ ಇವೆರಡಕ್ಕಿಂತ ಚಿಕ್ಕದು, ಬಾಲದ ಕವಲು ಕಡಿಮೆ ಆಳ, ಮೈಯೆಲ್ಲ ಹೊಳಪು. ದಟ್ಟ ನೆರಳಿನ ಕಾಡು, ಹಳೆಯ ತೋಟ ಬಿಟ್ಟು ಬಯಲಿಗೆ ಬರುವುದು ಅಪರೂಪ.

ತಪ್ಪು ಹೆಚ್ಚು ನಡೆಯುವುದು ಎರಡು ಕಡೆ. ಕರಿ ಕಾಜಾಣದ ಎಳೆಯ ಹಕ್ಕಿಗೆ ಹೊಟ್ಟೆಯಲ್ಲಿ ಬಿಳಿ ಬಿಳಿ ಅಂಚುಗಳಿರುತ್ತವೆ, ಅದನ್ನು ಬಿಳಿಹೊಟ್ಟೆ ಕಾಜಾಣವೆಂದು ಬರೆದುಬಿಡುತ್ತಾರೆ. ಬಿಳಿಹೊಟ್ಟೆಯದಕ್ಕೆ ಬಿಳಿ ಒಂದೇ ತುಂಡಾಗಿ, ಎದೆಯ ಕೆಳಗಿನಿಂದ ಬಾಲದ ಬುಡದವರೆಗೆ ಕಲೆಯಿಲ್ಲದೆ ಇರಬೇಕು. ಅದು ಒಣ, ಎಲೆಯುದುರುವ ಕಾಡಿನ ಹಕ್ಕಿ. ಎರಡನೆಯದು ಭೀಮರಾಜ. ಗರಿ ಉದುರುವ ಕಾಲದಲ್ಲಿ ಬಾಲದ ಎರಡು ಎಳೆಗಳೂ ಇಲ್ಲದಿದ್ದರೆ ಬರೀ ದೊಡ್ಡ ಕಾಜಾಣದಂತೆ ಕಾಣುತ್ತದೆ. ಹಣೆಯ ಮೇಲಿನ ಜುಟ್ಟು ನೋಡಿ, ಅದು ಉದುರುವುದಿಲ್ಲ.

ಮಾರ್ಚ್ ಕೊನೆಯಿಂದ ಮಳೆ ಹಿಡಿಯುವವರೆಗೆ ‘ಪಿ-ಪಿ-ಪಿ-ಪಿ-ಪಿ’ ಎಂದು ಮೆಟ್ಟಿಲೇರಿದಂತೆ ಐದಾರು ಸಿಳ್ಳೆ ಕೇಳಿ, ಹುಡುಕಿದರೆ ಕಾಜಾಣದಂಥ ಹಕ್ಕಿ ಕಂಡರೆ, ಅದು ಕಾಜಾಣದ ವೇಷದ ಕೋಗಿಲೆ, ಡ್ರೋಂಗೋ ಕುಕ್ಕೂ. ಕೊಕ್ಕು ಸಪೂರ, ಬಾಲದ ಬುಡದ ಅಡಿಯಲ್ಲಿ ಬಿಳಿ ಪಟ್ಟಿಗಳು. ಕಾಜಾಣದಂತೆ ನೆಟ್ಟಗೆ ಕೂತು ಹುಳಕ್ಕೆ ಹಾರುವುದಿಲ್ಲ, ಎಲೆಗಳ ನಡುವೆ ಕಂಬಳಿಹುಳ ಹುಡುಕುತ್ತ ನಿಧಾನವಾಗಿ ಸರಿಯುತ್ತದೆ.

ಬಿಜ್ಜು ಮತ್ತು ಕೋಗಿಲೆ ಚಾಣ

ಎರಡಕ್ಕೂ ಬೆನ್ನು ಬೂದು, ಎದೆಯಲ್ಲಿ ಕಂದು ಛಾಯೆ, ಬಾಲದಲ್ಲಿ ಅಡ್ಡಪಟ್ಟಿ. ಎರಡು ಬಂದಾಗಲೂ ಪಿಕಳಾರಗಳು ಬೊಬ್ಬೆ ಹಾಕುತ್ತವೆ, ಆದ್ದರಿಂದ ಬೊಬ್ಬೆಯಿಂದ ಏನೂ ತೀರ್ಮಾನವಾಗದು. ಕೊಕ್ಕು ಕೊಕ್ಕೆಯಂತೆ ಬಾಗಿದ್ದು, ಹಳದಿ ಕಾಲುಗಳು ಉದ್ದವಾಗಿ ಎದ್ದು ಕಂಡರೆ ಬಿಜ್ಜು, ಅಂದರೆ ಶಿಕ್ರಾ. ಅದರ ಗಂಟಲ ನಡುವೆ ಒಂದು ಗೆರೆಯೂ ಇರುತ್ತದೆ. ಕೊಕ್ಕು ಸಪೂರವಾಗಿ ಮುಂದಕ್ಕೆ ಚಾಚಿದ್ದು, ಕಣ್ಣಿನ ಸುತ್ತ ಹಳದಿ ಉಂಗುರ, ಗಿಡ್ಡ ಕಾಲುಗಳು ಹೊಟ್ಟೆಯ ಗರಿಯಲ್ಲಿ ಮುಚ್ಚಿಹೋಗಿದ್ದರೆ ಕೋಗಿಲೆ ಚಾಣ, ಅಂದರೆ ಹಾಕ್ ಕುಕ್ಕೂ. ಚಳಿಗಾಲದಲ್ಲಿ ಇದು ಹೆಚ್ಚಾಗಿ ಮೌನಿ, ಬೇಸಗೆಯಲ್ಲಿ ಮಾತ್ರ ಇಡೀ ಗುಡ್ಡೆಗೆ ಕೇಳುವಂತೆ ಏರುತ್ತ ಏರುತ್ತ ಕೂಗಿ ತಟ್ಟನೆ ನಿಲ್ಲಿಸುತ್ತದೆ.

ಕೆಸರಿನ ಗೊರವಗಳು

ಹೊಸಬರು ಅಳಿವೆಯ ದಂಡೆಗೆ ಹೋದ ಮೊದಲ ದಿನವೇ ನೂರು ಬೂದು ಹಕ್ಕಿ ನೋಡಿ ಸುಸ್ತಾಗಿ ಬರುತ್ತಾರೆ. ಒಂದು ಉಪಾಯವಿದೆ. ಮೊದಲು ಒಂಟಿಯಾಗಿ ನಡೆಯುವ ಸಾಮಾನ್ಯ ಗದ್ದೆಗೊರವ, ಅಂದರೆ ಕಾಮನ್ ಸ್ಯಾಂಡ್‌ಪೈಪರನ್ನು ಚೆನ್ನಾಗಿ ಕಲಿಯಿರಿ. ಉಳಿದವನ್ನೆಲ್ಲ ಅದಕ್ಕೆ ಹೋಲಿಸಿ. ಅದು ಹಿಂಭಾಗವನ್ನು ಬಿಡದೆ ಕುಣಿಸುತ್ತದೆ, ಎದೆಯ ಬದಿ ಮತ್ತು ಮಡಚಿದ ರೆಕ್ಕೆಯ ನಡುವೆ ಬಿಳಿ ಬೆಣೆಯೊಂದು ಮೇಲಕ್ಕೆ ನುಗ್ಗಿರುತ್ತದೆ. ಹಾರುವಾಗ ರೆಕ್ಕೆಯನ್ನು ಬಿಗಿಯಾಗಿ ಕೆಳಗೆ ಬಾಗಿಸಿ, ನೀರಿಗೆ ತಾಗುವಷ್ಟು ಕೆಳಗೆ ಹೋಗುತ್ತದೆ.

ಆ ಬೆಣೆ ಇಲ್ಲದೆ, ಬೆನ್ನು ಕಡುಬಣ್ಣವಾಗಿ, ತೋಡಿನ ಮೂಲೆಯಿಂದ ಬಿಳಿ ಸೊಂಟ ತೋರಿಸುತ್ತ ಎತ್ತರಕ್ಕೆ ಎದ್ದರೆ ಗ್ರೀನ್ ಸ್ಯಾಂಡ್‌ಪೈಪರ್. ರೆಕ್ಕೆಯ ಅಡಿಭಾಗ ಕಪ್ಪು. ಬೆನ್ನ ಮೇಲೆ ಚುಕ್ಕೆ ಹೆಚ್ಚು, ಹುಬ್ಬು ಕಣ್ಣಿನಾಚೆಗೂ ಉದ್ದ, ಕಾಲು ಹಳದಿ ಛಾಯೆಯದಾಗಿ ಉದ್ದವಿದ್ದರೆ ವುಡ್ ಸ್ಯಾಂಡ್‌ಪೈಪರ್. ಅದರ ರೆಕ್ಕೆಯ ಅಡಿ ತಿಳಿಬಣ್ಣ, ಏಳುವಾಗ ‘ಚಿಫ್-ಇಫ್-ಇಫ್’. ವುಡ್ ಬೈಲಿನಲ್ಲಿ ಗುಂಪಾಗಿ, ಗ್ರೀನ್ ಒಂಟಿಯಾಗಿ ಸಿಗುವುದೇ ಹೆಚ್ಚು.

ಮರಳಿನ ಮೇಲೆ ಓಡಿ, ನಿಂತು, ಮತ್ತೆ ಓಡುವವು ಪ್ಲವರ್‌ಗಳು. ಕತ್ತಿನ ಹಿಂದೆ ಬಿಳಿ ಪಟ್ಟಿ ಪೂರ್ತಿ ಸುತ್ತಿದ್ದರೆ ಹೆಚ್ಚಾಗಿ ಕೆಂಟಿಷ್. ಹಿಂದೆ ಬಿಳಿ ಇಲ್ಲದಿದ್ದರೆ ಸ್ಯಾಂಡ್ ಪ್ಲವರ್, ಅಲ್ಲಿಂದ ಕಷ್ಟ ಶುರು. ಗ್ರೇಟರ್ ಸ್ಯಾಂಡ್ ಪ್ಲವರಿನ ಕೊಕ್ಕು ದಪ್ಪ ಮತ್ತು ಉದ್ದ: ಕೊಕ್ಕಿನ ಬುಡದಿಂದ ಕಣ್ಣಿನ ಹಿಂಭಾಗದವರೆಗಿನ ಅಂತರಕ್ಕಿಂತ ಹೆಚ್ಚು. ಕಾಲು ಉದ್ದ, ಹಸಿರು ಮಿಶ್ರಿತ ಹಳದಿ, ಹಾರುವಾಗ ಪಾದ ಬಾಲದಾಚೆ ಕಾಣುತ್ತದೆ. ಹಿಂದೆ ಲೆಸ್ಸರ್ ಎಂದು ಕರೆಯುತ್ತಿದ್ದದ್ದರ ಕೊಕ್ಕು ಗಿಡ್ಡ, ಕಾಲು ಕಡು ಬೂದು. ಲೆಸ್ಸರನ್ನು ಈಗ ಸೈಬೀರಿಯನ್, ಟಿಬೆಟನ್ ಎಂದು ಎರಡು ಜಾತಿಯಾಗಿ ಬೇರ್ಪಡಿಸಿರುವುದರಿಂದ ಹಳೆಯ ಪುಸ್ತಕದ ಹೆಸರು ಪಟ್ಟಿಯಲ್ಲಿ ಸಿಗದಿದ್ದರೆ ಗಾಬರಿಯಾಗಬೇಡಿ. ಚಳಿಗಾಲದ ಬಣ್ಣದಲ್ಲಿ ಆ ಎರಡನ್ನು ಬೇರೆ ಮಾಡುವ ಹಟ ಬೇಡ. ಒಂಟಿ ಹಕ್ಕಿಯಲ್ಲಿ ಕೊಕ್ಕಿನ ಅಳತೆ ಮೋಸ ಮಾಡುತ್ತದೆ, ಎರಡು ಬಗೆಯವು ಅಕ್ಕಪಕ್ಕ ನಿಲ್ಲುವವರೆಗೆ ಕಾಯಿರಿ. ಉಬ್ಬರದ ಹೊತ್ತಿಗೆ ಎಲ್ಲವೂ ಒಂದೇ ದಿಬ್ಬಕ್ಕೆ ಬಂದು ಸೇರುವಾಗ ಆ ಅವಕಾಶ ಸಿಗುತ್ತದೆ. ಆ ದಿಬ್ಬದ ಹತ್ತಿರ ಮಾತ್ರ ಹೋಗಬೇಡಿ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ವಿಶ್ರಾಂತಿ ಸಿಗುವುದು ಆ ಎರಡು ಗಂಟೆ, ಒಂದು ಫೋಟೋಕ್ಕಾಗಿ ಅದನ್ನು ಎಬ್ಬಿಸುವುದು ಅನ್ಯಾಯ.

ಗರುಡನ ಮರಿ, ಹದ್ದು, ಕಡಲ ಗಿಡುಗ

ದೊಡ್ಡ ಗರುಡನನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದರ ಮರಿ ಮಾತ್ರ ಕಂದು, ಮೀನು ಇಳಿಸುವ ಕಡೆ ಕರಿ ಹದ್ದುಗಳ ಜೊತೆ ಸುತ್ತುತ್ತಿರುತ್ತದೆ. ಬಾಲ ನೋಡಿ: ಗರುಡನದು ದುಂಡು, ಹದ್ದಿನದು ಕವಲು. ಹದ್ದು ಬಾಲ ಅಗಲಿಸಿದಾಗ ಕವಲು ಮಾಯವಾಗಿ ಅಂಚು ನೇರವಾಗುತ್ತದೆ, ಆದರೂ ದುಂಡಾಗುವುದಿಲ್ಲ.

ಬಿಳಿಹೊಟ್ಟೆಯ ಕಡಲ ಗಿಡುಗ 2023ರಲ್ಲಿ ಕಾಸರಗೋಡು ಜಿಲ್ಲೆಯ ಹಕ್ಕಿಯೆಂದು ಘೋಷಣೆಯಾಯಿತು. ರೆಕ್ಕೆ ಬಿಡಿಸಿದರೆ ಸುಮಾರು ಎರಡು ಮೀಟರ್. ತೇಲುವಾಗ ರೆಕ್ಕೆಗಳನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ, ಬಾಲ ಗಿಡ್ಡ, ಬೆಣೆಯಾಕಾರ. ಪ್ರಾಯಕ್ಕೆ ಬಂದದ್ದು ಬೂದು ಬಿಳಿ, ಮರಿ ಕಂದು. ಬಣ್ಣ ಬೇರೆಯಾದರೂ ಆ ಎತ್ತಿದ ರೆಕ್ಕೆ, ಬೆಣೆ ಬಾಲ ಎರಡಕ್ಕೂ ಒಂದೇ. ಕಡಲ ಬದಿಯ ಎತ್ತರದ ಮರದಲ್ಲಿ ಒಂದೇ ಗೂಡನ್ನು ವರ್ಷ ವರ್ಷವೂ ದೊಡ್ಡದು ಮಾಡುತ್ತ ಹೋಗುತ್ತದೆ. ಗೂಡಿನ ಜಾಗವನ್ನು ಅಂತರ್ಜಾಲದಲ್ಲಿ ಹಾಕಬೇಡಿ, ಬುಡಕ್ಕೆ ಹೋಗಬೇಡಿ, ಡ್ರೋನ್ ಹಾರಿಸಲೇಬೇಡಿ.

ಆಕಾಶದಲ್ಲಿ ಹುಳ ಹಿಡಿಯುತ್ತ ತಿರುಗುವ ಚಿಕ್ಕ ಹಕ್ಕಿಗಳಿಗೆ ಒಂದೇ ಮಾತು: ತಂತಿಯ ಮೇಲೆ ಕೂತರೆ ಕವಲುತೋಕೆ (ಸ್ವಾಲೋ), ಬಾನಾಡಿ (ಸ್ವಿಫ್ಟ್) ತಂತಿಯ ಮೇಲೆ ಕೂರಲಾರದು. ಅಡಿಕೆ, ತೆಂಗಿನ ತೋಟದ ಮೇಲೆ ತೆಳ್ಳಗೆ, ಪೂರ್ತಿ ಕಂದಾಗಿ ಹಾರುವುದು ತಾಳೆ ಬಾನಾಡಿ. ಸೊಂಟ ಬಿಳಿಯಾದರೆ ಮನೆ ಬಾನಾಡಿ.

ಪದವಿನ ನೆಲಹಕ್ಕಿಗಳು

ಕಂದು ಮೈ, ಗೆರೆಗೆರೆ ಎದೆ, ಮುರಕಲ್ಲಿನ ಮೇಲೆ ಕಂಡೂ ಕಾಣದಂತೆ. ತಲೆಯ ಮೇಲೆ ಚೂಪು ಜುಟ್ಟು ಎದ್ದು ಕಂಡರೆ ಮಲಬಾರ್ ನೆಲಗುಬ್ಬಿ, ಪಡುವಣ ಭಾರತದಲ್ಲಿ ಮಾತ್ರ ಇರುವ ಹಕ್ಕಿ. ಗಾಳಿ ಬೀಸುವಾಗ ಜುಟ್ಟು ಮಲಗಿರಬಹುದು, ಒಂದು ನಿಮಿಷ ಕಾಯಿರಿ. ಜುಟ್ಟಿಲ್ಲದೆ ಸಪೂರ ಮೈ, ಉದ್ದ ಕಾಲು, ನಡೆಯುತ್ತ ಬಾಲ ಆಡಿಸಿದರೆ ಪಿಪಿಟ್. ವರ್ಷವಿಡೀ ಇರುವುದು ಪ್ಯಾಡಿಫೀಲ್ಡ್ ಪಿಪಿಟ್, ಏಳುವಾಗ ಮೆಲ್ಲಗೆ ‘ಚಿಪ್, ಚಿಪ್’. ಚಳಿಗಾಲದಲ್ಲಿ ಬರುವ ರಿಚರ್ಡ್ಸ್ ಪಿಪಿಟ್ ದೊಡ್ಡದು, ಎದೆ ಎತ್ತಿ ನಿಲ್ಲುತ್ತದೆ, ಒರಟಾಗಿ ‘ಶ್ರೀಪ್’ ಎಂದು ಕೂಗುತ್ತ ಹಾರುತ್ತದೆ. ನೆಲಗುಬ್ಬಿ, ಪ್ಯಾಡಿಫೀಲ್ಡ್ ಪಿಪಿಟ್ ಇಲ್ಲಿಯೇ ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳು, ಟಿಟ್ಟಿಭವೂ ಹಾಗೆಯೇ. ಹಕ್ಕಿಯೊಂದು ನಿಮ್ಮ ತಲೆಯ ಸುತ್ತ ಕೂಗುತ್ತ ಸುತ್ತಿದರೆ ಮೊಟ್ಟೆ ಹತ್ತಿರದಲ್ಲೇ ಇದೆ ಎಂದರ್ಥ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ.

ಮೊಬೈಲು, ಫೋಟೋ, ಪಟ್ಟಿ

ಸ್ವರ ಕೇಳಿ ಹೆಸರು ಹೇಳುವ ಮರ್ಲಿನ್‌ನಂಥ ಆ್ಯಪ್ ಒಳ್ಳೆಯ ಸಹಾಯಕ, ತೀರ್ಪುಗಾರನಲ್ಲ. ಕಾಜಾಣ, ಎಲೆಹಕ್ಕಿಗಳು ಬೇರೆ ಹಕ್ಕಿಗಳ ಸ್ವರ ಅನುಕರಿಸುವಾಗ ಆ್ಯಪ್ ಅಲ್ಲಿಲ್ಲದ ಹಕ್ಕಿಯ ಹೆಸರು ತೋರಿಸುತ್ತದೆ. ಆ್ಯಪ್ ಹೇಳಿದ ಹಕ್ಕಿಯನ್ನು ಕಣ್ಣಾರೆ ಕಂಡರೆ, ಇಲ್ಲವೇ ಆ ಸ್ವರ ನಿಮಗೇ ಖಾತ್ರಿಯಾಗಿ ಗೊತ್ತಿದ್ದರೆ ಮಾತ್ರ ಪಟ್ಟಿಗೆ ಸೇರಿಸಿ. ಹಕ್ಕಿಯನ್ನು ಕರೆಸಲು ಮೊಬೈಲಿನಲ್ಲಿ ಅದರ ಸ್ವರ ನುಡಿಸಬೇಡಿ. ಗೂಡಿನ ಕಾಲದಲ್ಲಿ ಗಂಡು ಹಕ್ಕಿ ಮರಿಗಳನ್ನು ಬಿಟ್ಟು ಇಲ್ಲದ ಎದುರಾಳಿಯನ್ನು ಹುಡುಕುತ್ತ ತಿರುಗುತ್ತದೆ.

ಫೋಟೋ ತೆಗೆಯುವುದಾದರೆ ಒಂದು ಚಂದದ ಚಿತ್ರಕ್ಕಿಂತ ನಾಲ್ಕು ಸಾಧಾರಣ ಚಿತ್ರ ಉಪಯೋಗಕ್ಕೆ ಬರುತ್ತವೆ: ಬದಿಯಿಂದ ಕೊಕ್ಕು, ಬಾಲದ ಅಡಿ, ಹಾರುವಾಗ ರೆಕ್ಕೆ, ಸುತ್ತಲಿನ ಜಾಗ.

ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಪಟ್ಟಿ ಹಾಕುವವರು ಒಂದು ಬಗೆಯ ಜಾಗಕ್ಕೆ ಒಂದು ಪಟ್ಟಿ ಮಾಡಿ, ಬೈಲು ಮುಗಿದು ಪದವು ಹತ್ತಿದರೆ ಹೊಸದು ಶುರುಮಾಡಿ. ಕನಿಷ್ಠ ಕಾಲು ಗಂಟೆ ನೋಡಿ, ಕಾಗೆ, ಮೈನಾ ಸಹಿತ ಗುರುತಿಸಿದ ಎಲ್ಲವನ್ನೂ ಎಣಿಕೆಯೊಡನೆ ಬರೆಯಿರಿ. ಕೇರಳದಲ್ಲಿ 2015ರಿಂದ 2020ರವರೆಗೆ ನಡೆದ ಹಕ್ಕಿ ಅಟ್ಲಾಸ್, ಅಂದರೆ ಯಾವ ಹಕ್ಕಿ ಎಲ್ಲೆಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸುವ ಕೆಲಸ, ಸಾಧ್ಯವಾದದ್ದು ಊರೂರಿನ ಹವ್ಯಾಸಿಗಳು ಹೀಗೆ ಕ್ರಮವಾಗಿ ಎಣಿಸಿದ್ದರಿಂದ. ಜನವರಿಯ ಏಷ್ಯನ್ ನೀರುಹಕ್ಕಿ ಗಣತಿ, ಫೆಬ್ರವರಿಯ ನಾಲ್ಕು ದಿನಗಳ ಹಿತ್ತಿಲ ಹಕ್ಕಿ ಎಣಿಕೆಗೂ ಇದೇ ಅಭ್ಯಾಸ ಸಾಕು.

ಜಾತಿ ತಿಳಿಯದ ಹಕ್ಕಿಗೆ ಪಟ್ಟಿಯಲ್ಲೇ ಜಾಗವಿದೆ. ‘ಲೀಫ್ ವಾರ್ಬ್ಲರ್, ಜಾತಿ ತಿಳಿಯದು’ ಎಂಬ ಅರ್ಥದ ಆಯ್ಕೆಗಳೂ, ಎರಡು ಹೆಸರನ್ನು ಓರೆಗೆರೆಯಿಂದ ಜೋಡಿಸಿದ ಆಯ್ಕೆಗಳೂ ಇರುತ್ತವೆ. ಅವನ್ನು ಧೈರ್ಯವಾಗಿ ಬಳಸಿ. ಅಪರೂಪದ ಹಕ್ಕಿ ಹಾಕಿದಾಗ ಪರಿಶೀಲಿಸುವವರು ವಿವರ ಕೇಳುತ್ತಾರೆ, ಅದು ಅವಮಾನವಲ್ಲ. “ಪುಸ್ತಕದಲ್ಲಿ ಇದ್ದಂತೆಯೇ ಇತ್ತು” ಎಂದು ಉತ್ತರಿಸಿದರೆ ಪ್ರಯೋಜನವಿಲ್ಲ. ಅಂದಿನ ಟಿಪ್ಪಣಿಯನ್ನು “ಕಾಣಲಿಲ್ಲ” ಎಂದು ಬರೆದದ್ದರ ಸಹಿತ ಹಾಗೆಯೇ ಕಳುಹಿಸಿ, ಹತ್ತಿರದ ಯಾವ ಜಾತಿಯನ್ನು ಯಾವ ಕಾರಣಕ್ಕೆ ಕೈಬಿಟ್ಟಿರಿ ಎಂಬುದನ್ನು ಒಂದು ಸಾಲಿನಲ್ಲಿ ಸೇರಿಸಿ.